ಮೊದಲ ಸ್ಟೈಫಂಡ್ ಬರುವವರೆಗೆ

ನಾನು ಐಟಿಐಯಲ್ಲಿ ಫಿಟ್ಟರ್ ಟ್ರೇಡ್ ಕಲಿಸುತ್ತಿದ್ದವನು. ರಿಟೈರ್ ಆದ ಮೇಲೂ ಮಂಡ್ಯದಲ್ಲೇ ಇದ್ದೇನೆ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದ ಮಕ್ಕಳನ್ನು ಸಾಕುವ ಬಾಲಮಂದಿರದಿಂದ ಹೊರಗೆ ಬರುವವರನ್ನು ತೂಬಿನಕೆರೆ, ಸೋಮನಹಳ್ಳಿ ಕಡೆಯ ಕಾರ್ಖಾನೆಗಳಿಗೆ, ಒಮ್ಮೊಮ್ಮೆ ಮೈಸೂರಿನ ಹೆಬ್ಬಾಳ, ಕೂರ್ಗಳ್ಳಿಗೆ ಅಪ್ರೆಂಟಿಸ್ ಆಗಿ, ಅಂದರೆ ಕೆಲಸ ಕಲಿಯುವವರಾಗಿ, ಸೇರಿಸುವ ಕೆಲಸಕ್ಕೆ ಕೆಲವು ವರ್ಷಗಳಿಂದ ಓಡಾಡುತ್ತಿದ್ದೇನೆ. ನಮ್ಮದು ಸಂಸ್ಥೆ ಅಲ್ಲ. ನಾನು, ಪ್ರೈಮರಿ ಸ್ಕೂಲಿನಿಂದ ರಿಟೈರ್ ಆದ ಇಬ್ಬರು ಮೇಡಂ, ಒಬ್ಬ ಮೆಡಿಕಲ್ ಸ್ಟೋರಿನವರು. ಅಷ್ಟೇ ಜನ.

ಸೀಟು ಕೊಡಿಸುವುದು ಹೇಗೆ ಅಂತ ತುಂಬಾ ಜನ ಕೇಳುತ್ತಾರೆ. ಓಡಾಡಿದರೆ ಸೀಟು ಸಿಗುತ್ತದೆ. ಸೇರಿದ ದಿನದಿಂದ ಮೊದಲ ಸ್ಟೈಫಂಡ್, ಅಂದರೆ ಕಲಿಯುವಾಗ ಕೊಡುವ ತಿಂಗಳ ದುಡ್ಡು, ಕೈಗೆ ಬರುವವರೆಗೆ ಹುಡುಗ ಕೆಲಸ ಬಿಡದ ಹಾಗೆ ನೋಡಿಕೊಳ್ಳಬೇಕಲ್ಲ, ಕಷ್ಟ ಇರುವುದು ಅಲ್ಲಿ. ನಮ್ಮ ಕೈಯಿಂದ ತಪ್ಪಿಹೋದ ಮಕ್ಕಳಲ್ಲಿ ಹೆಚ್ಚಿನವರು ತಪ್ಪಿಹೋಗಿದ್ದು ಆ ಅವಧಿಯಲ್ಲೇ. ಕೆಲಸ ಬರದೆ ಬಿಟ್ಟವರು ತೀರಾ ಕಡಿಮೆ.

ಮೊದಲು ಹಿನ್ನೆಲೆ ಸ್ವಲ್ಪ ಹೇಳಿಬಿಡುತ್ತೇನೆ. ಬಾಲಮಂದಿರದಲ್ಲಿ 18 ವರ್ಷ ತುಂಬುವವರೆಗೆ ಇರಬಹುದು. ಆಮೇಲೆ ಹೊರಡಬೇಕು. ಹೊರಟವರನ್ನು ಹಾಗೇ ಬಿಟ್ಟುಬಿಡಿ ಅಂತ ಕಾನೂನು ಹೇಳುವುದಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 46ನೇ ಸೆಕ್ಷನ್‌ನಲ್ಲಿ ಹೊರಗೆ ಬಂದವರಿಗೆ ಹಣಕಾಸಿನ ನೆರವು ಕೊಡಲು ಅವಕಾಶ ಇದೆ. 2016ರ ಮಾದರಿ ನಿಯಮಗಳ ಪ್ರಕಾರ 21 ವರ್ಷದವರೆಗೆ, ವಿಶೇಷ ಸಂದರ್ಭದಲ್ಲಿ ಇನ್ನೂ ಎರಡು ವರ್ಷ ಆಸರೆ ಕೊಡಬಹುದು. ಹೊರಡುವ ಎರಡು ತಿಂಗಳು ಮೊದಲೇ ಮುಂದಿನ ಯೋಜನೆ ಬರೆದು ಮಕ್ಕಳ ಕಲ್ಯಾಣ ಸಮಿತಿಯ ಮುಂದಿಡಬೇಕು. ಮಕ್ಕಳ ರಕ್ಷಣೆಗೆ ಇರುವ ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿ ನೆರವಿಗೂ ದಾರಿ ಇದೆ. ಇಷ್ಟೆಲ್ಲ ಇರುವುದು ಹುಡುಗರಿಗೇ ಗೊತ್ತಿರುವುದಿಲ್ಲ. ಅವರಿಗೆ ಗೊತ್ತಿರುವುದು ಒಂದೇ, ಹುಟ್ಟಿದ ತಾರೀಖು ಹತ್ತಿರ ಬಂತು ಅನ್ನುವುದು. ಬೇರೆ ಮಕ್ಕಳು ಆ ದಿನಕ್ಕೆ ಕಾಯುತ್ತಾರೆ. ಇವರು ಹೆದರುತ್ತಾರೆ.

ಹಾಗಾಗಿ ನಾವು ಹದಿನೇಳೂವರೆಗೇ ಶುರು ಮಾಡುತ್ತೇವೆ. ಮೊದಲು ಕಾಗದ ಪತ್ರ.

ಅಪ್ರೆಂಟಿಸ್ ಆಗಬೇಕಾದರೆ ಕೇಂದ್ರ ಸರ್ಕಾರದ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಬೇಕು. ಅದಕ್ಕೆ ಆಧಾರ್ ಬೇಕು, ಮಾರ್ಕ್ಸ್ ಕಾರ್ಡ್ ಬೇಕು, ಬ್ಯಾಂಕ್ ಖಾತೆ ಬೇಕು. ಅಪ್ಪ ಅಮ್ಮ ಇರುವ ಮನೆಯಲ್ಲಿ ಇದೆಲ್ಲ ಬೀರುವಿನ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಇರುತ್ತದೆ. ಈ ಮಕ್ಕಳದ್ದು ಒಂದೊಂದು ಒಂದೊಂದು ಕಡೆ. ಆಧಾರ್‌ನಲ್ಲಿ ಪೂರ್ತಿ ಹೆಸರು, ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಅರ್ಧ ಹೆಸರು ಮತ್ತು ಒಂದು ಇನಿಷಿಯಲ್. ಎರಡೂ ಹೊಂದುವುದಿಲ್ಲ. ಒಬ್ಬ ಹುಡುಗನ ಆಧಾರ್‌ಗೆ ಜೋಡಿಸಿದ್ದ ಮೊಬೈಲ್ ನಂಬರು ಎಷ್ಟೋ ಹಿಂದೆ ಅವನನ್ನು ನೋಡಿಕೊಳ್ಳುತ್ತಿದ್ದವರದು. ಅವರು ವರ್ಗವಾಗಿ ಬೇರೆ ಜಿಲ್ಲೆಗೆ ಹೋಗಿದ್ದರು. ಇಲ್ಲಿ ನಾವು ಬಟನ್ ಒತ್ತಿದರೆ ಓಟಿಪಿ ಅವರ ಫೋನಿಗೆ ಹೋಗುತ್ತಿತ್ತು. ಪಾಪ, ಅವರು ಫೋನ್ ಮಾಡಿ ನಂಬರ್ ಹೇಳುತ್ತಿದ್ದರು, ಜೊತೆಗೆ "ಚೆನ್ನಾಗಿದ್ದಾನಾ ಹುಡುಗ?" ಅಂತ ಕೇಳುತ್ತಿದ್ದರು. ಮೊಬೈಲ್ ನಂಬರ್ ಬದಲಿಸಲು ಹುಡುಗನನ್ನೇ ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಬೆರಳಚ್ಚು ಕೊಡಿಸಿದರೆ ಆಯಿತು. ಆದರೆ ಅದಕ್ಕೆ ಮೊದಲು ಅವನ ಹೆಸರಿನಲ್ಲಿ ಒಂದು ಸಿಮ್ ಇರಬೇಕಲ್ಲ. ಅದು ಸಿಗುವುದು 18 ತುಂಬಿದ ಮೇಲೆ.

ಬ್ಯಾಂಕ್ ಖಾತೆ ಇನ್ನೊಂದು ತಲೆನೋವು. ಮೈನರ್ ಖಾತೆ ಮೇಜರ್ ಆಗಬೇಕು. ಆಮೇಲೆ ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಸರ್ಕಾರದ ದುಡ್ಡು ಬೀಳುವ ಹಾಗೆ ಖಾತೆಗೆ ಆಧಾರ್ ಜೋಡಿಸುವುದು. ಗೃಹಲಕ್ಷ್ಮಿ ಹಣ ಬಂದಿಲ್ಲ ಅಂತ ಬ್ಯಾಂಕಿಗೆ ಅಲೆದ ಮನೆಯವರಿಗೆಲ್ಲ ಈ ಮಾತು ಈಗ ಬಾಯಿಪಾಠ. ಸ್ಟೈಫಂಡ್‌ನಲ್ಲಿ ಸರ್ಕಾರದ ಪಾಲು ನೇರವಾಗಿ ಖಾತೆಗೆ ಬರುವುದರಿಂದ ಮ್ಯಾಪಿಂಗ್ ಇಲ್ಲದಿದ್ದರೆ ದುಡ್ಡು ಬರುವುದೇ ಇಲ್ಲ. ನಮಗೆ ಸಲೀಸಾಗಿ ಕೆಲಸ ಆಗಿದ್ದು ಪೋಸ್ಟ್ ಆಫೀಸಿನ ಪೇಮೆಂಟ್ಸ್ ಬ್ಯಾಂಕಿನಲ್ಲಿ. ಖಾತೆ ಮಾಡಿಸುವ ದಿನವೇ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೂ ಸಹಿ ಹಾಕಿಸುತ್ತೇವೆ. ವರ್ಷಕ್ಕೆ 20 ರೂಪಾಯಿ, 2 ಲಕ್ಷದ ಅಪಘಾತ ವಿಮೆ. ಅಪ್ರೆಂಟಿಸ್‌ಗಳಿಗೆ ಇಎಸ್‌ಐ, ಪಿಎಫ್ ಎರಡೂ ಇರುವುದಿಲ್ಲ. ಕೆಲಸದಲ್ಲಿ ಪೆಟ್ಟಾದರೆ ಮಾಲೀಕರು ಪರಿಹಾರ ಕೊಡಬೇಕು ಅಂತ ಕಾಯ್ದೆ ಇದೆ, ನಿಜ. ಆದರೂ ಮೆಷಿನ್ ಹತ್ತಿರ ನಿಲ್ಲುವ ಹುಡುಗ, ಹಿಂದೆ ಮುಂದೆ ಯಾರೂ ಇಲ್ಲ. ಇಪ್ಪತ್ತು ರೂಪಾಯಿಗೆ ಯೋಚನೆ ಮಾಡುವುದು ಬೇಡ.

ಯಾವ ಟ್ರೇಡ್ ಅನ್ನುವುದನ್ನು ನಾನು ಕೇಳಿ ತಿಳಿದುಕೊಳ್ಳುವುದಿಲ್ಲ. ಕೇಳಿದರೆ ಎಲ್ಲರೂ "ಕಂಪ್ಯೂಟರ್ ಸಾ" ಅನ್ನುತ್ತಾರೆ. ಪರಿಚಯದವರ ಶೆಡ್ಡಿನಲ್ಲಿ ಒಂದು ಬೆಂಚ್ ವೈಸ್ ಇದೆ. ಭಾನುವಾರ ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಅಂಗೈ ಅಗಲದ ಕಬ್ಬಿಣದ ಫ್ಲಾಟ್ ತುಂಡನ್ನು ವೈಸ್‌ಗೆ ಕಚ್ಚಿಸಿ ಕೈಗೆ ಫೈಲ್, ಅಂದರೆ ಕಬ್ಬಿಣ ತಿಕ್ಕುವ ಅರ, ಕೊಡುತ್ತೇನೆ. ಎಡಗಾಲು ಮುಂದೆ, ಮೊಣಕೈ ಮೈಗೆ ಹತ್ತಿರ, ತಳ್ಳುವಾಗ ಒತ್ತು, ಎಳೆಯುವಾಗ ಒತ್ತಬೇಡ. ಇಷ್ಟು ಹೇಳಿ ಸುಮ್ನೆ ಕೂರುತ್ತೇನೆ. ಹೊಸಬರ ಕೈಯಲ್ಲಿ ಫೈಲ್ ತೂಗಾಡುತ್ತದೆ. ಅಂಚುಗಳು ಜಾಸ್ತಿ ತಿಂದುಹೋಗಿ ನಡುವೆ ಉಬ್ಬು ಉಳಿಯುತ್ತದೆ. ಆಮೇಲೆ ಟ್ರೈಸ್ಕ್ವೇರ್, ಅಂದರೆ ಮೂಲೆಮಟ್ಟ, ಇಟ್ಟು ಕಿಟಕಿ ಕಡೆ ಹಿಡಿದು ನೋಡು ಅನ್ನುತ್ತೇನೆ. ಎಲ್ಲಿ ಸಂದಿಯಲ್ಲಿ ಬೆಳಕು ಕಾಣುತ್ತದೋ ಅಲ್ಲಿ ತಗ್ಗು ಇದೆ ಅಂತ ಅರ್ಥ.

ಕೆಲವರು ಎರಡನೇ ಸಲ ನೋಡಿ ಫೈಲ್ ಕೆಳಗಿಟ್ಟುಬಿಡುತ್ತಾರೆ. ಅವರಿಗೆ ಬೇರೆ ಕೆಲಸ ಹುಡುಕುತ್ತೇನೆ. ಅಡುಗೆ, ಎಲೆಕ್ಟ್ರಿಕಲ್, ಅಂಗಡಿ ಲೆಕ್ಕ, ಏನಾದರೂ ಸರಿ. ಇನ್ನು ಕೆಲವರು ಬಿಡುವುದಿಲ್ಲ. ನಾಗಮಂಗಲ ಕಡೆಯ ಒಬ್ಬ ಉದ್ದನೆಯ ಹುಡುಗ, ಮಾತೇ ಆಡದವನು, ಊಟಕ್ಕೆ ಕರೆದರೂ ಬರಲಿಲ್ಲ. ಕಿಟಕಿಗೆ ಹಿಡಿಯುವುದು, ತಿಕ್ಕುವುದು, ಮತ್ತೆ ಹಿಡಿಯುವುದು. ಕೊನೆಗೆ "ಸಾ, ಈಗ ಬೆಳಕು ಬತ್ತಿಲ್ಲ" ಅಂದ. ಅವತ್ತು ಅವನ ಬಾಯಿಂದ ಬಂದ ಮೊದಲ ಪೂರ್ತಿ ಮಾತು ಅದು. ಅವನಿಗೆ ಫಿಟ್ಟರ್ ಅಂತ ಅಲ್ಲೇ ತೀರ್ಮಾನ ಮಾಡಿದೆ.

ಇನ್ನು ಮಾಲೀಕರ ಕಡೆ ಬರುತ್ತೇನೆ. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ 30 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು, ನೂರಕ್ಕೆ 2.5ರಿಂದ 15ರವರೆಗೆ. 4 ಜನ ಇದ್ದರೂ ಇಷ್ಟಪಟ್ಟರೆ ತೆಗೆದುಕೊಳ್ಳಬಹುದು. 2019ರಲ್ಲಿ ನಿಯಮ ತಿದ್ದಿದಾಗ ಕನಿಷ್ಠ ಸ್ಟೈಫಂಡ್ 5ರಿಂದ 9ನೇ ಕ್ಲಾಸ್ ಓದಿದವರಿಗೆ 5,000, ಹತ್ತನೇ ಕ್ಲಾಸ್ ಆದವರಿಗೆ 6,000, ಐಟಿಐ ಆದವರಿಗೆ 7,000 ರೂಪಾಯಿ ಅಂತ ಮಾಡಿದರು. 2016ರಲ್ಲಿ ಬಂದ ಅಪ್ರೆಂಟಿಸ್ ಪ್ರೋತ್ಸಾಹ ಯೋಜನೆಯಲ್ಲಿ ಇದರ ಕಾಲು ಭಾಗವನ್ನು, ತಿಂಗಳಿಗೆ 1,500 ರೂಪಾಯಿ ಮೀರದಂತೆ, ಸರ್ಕಾರ ಕೊಡುತ್ತದೆ. ಸಣ್ಣ ವರ್ಕ್‌ಶಾಪಿನವರಿಗೆ ಈ ಲೆಕ್ಕ ಹೇಳಿದರೆ ಕಿವಿ ಕೊಡುತ್ತಾರೆ. ತುಂಬಾ ಜನಕ್ಕೆ ಇದು ದೊಡ್ಡ ಕಂಪನಿಗಳಿಗೆ ಮಾತ್ರ ಅನ್ನುವ ಭಾವನೆ ಇದೆ.

ಲೆಕ್ಕ ಒಪ್ಪಿದ ಮೇಲೂ ಒಂದು ಪ್ರಶ್ನೆ ಬರುತ್ತದೆ. "ಮೇಷ್ಟ್ರೇ, ಹುಡುಗನ ಕತೆ ಏನು? ಯಾಕೆ ಬಾಲಮಂದಿರದಲ್ಲಿದ್ದ? ಏನಾದ್ರೂ ಕೇಸಾ?"

ಇದಕ್ಕೆ ನಾನು ಉತ್ತರ ಕೊಡುವುದಿಲ್ಲ. ಅಂಥ ಮಕ್ಕಳ ಗುರುತು ಬಯಲು ಮಾಡುವ ಹಾಗಿಲ್ಲ ಅಂತ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪತ್ರಿಕೆ, ಟಿವಿಯವರಿಗೂ ಕಟ್ಟು ಹಾಕಿದೆ. ಕಾನೂನಿನ ಜೊತೆ ಸಂಘರ್ಷಕ್ಕೆ ಬಂದ ಮಗುವಿಗೂ ಆ ಕಾರಣಕ್ಕೆ ಮುಂದೆ ಅನರ್ಹತೆ ಬರಬಾರದು ಅನ್ನುವುದು ಅದೇ ಕಾಯ್ದೆಯ ಸಾಮಾನ್ಯ ನಿಯಮ. ಕಾನೂನು ಪಕ್ಕಕ್ಕಿಡಿ. ಆ ಕತೆ ಹುಡುಗನದು. ಹೇಳಬೇಕು ಅನಿಸಿದರೆ ಅವನೇ ಹೇಳುತ್ತಾನೆ. "ಅವನ ಕತೆ ನನ್ನ ಹತ್ರ ಇಲ್ಲ ಸಾವ್ಕಾರ್ರೇ, ಅವನು ತಿಕ್ಕಿದ ಪೀಸ್ ಇದೆ ನೋಡಿ" ಅಂತ ಆ ಕಬ್ಬಿಣದ ತುಂಡನ್ನು ಮೇಜಿನ ಮೇಲೆ ಇಡುತ್ತೇನೆ. ಕೆಲಸ ಗೊತ್ತಿರುವ ಮಾಲೀಕರು ಅದನ್ನು ಕೈಗೆ ತೆಗೆದುಕೊಳ್ಳದೆ ಇರುವುದಿಲ್ಲ. ಬೆರಳಲ್ಲಿ ಅಂಚು ಸವರುತ್ತಾರೆ. ಅಲ್ಲಿಂದ ಮಾತು ಬೇರೆ ಕಡೆ ತಿರುಗುತ್ತದೆ.

ಒಬ್ಬರು ಮಾತ್ರ ಬೇರೆ ಥರ ಕೇಳಿದರು. "ಏನಾದ್ರೂ ಹೆಚ್ಚುಕಮ್ಮಿ ಆದ್ರೆ ರಾತ್ರಿ ಹೊತ್ತು ನಾನು ಯಾರಿಗೆ ಫೋನ್ ಮಾಡ್ಲಿ?" ನ್ಯಾಯವಾದ ಪ್ರಶ್ನೆ ಅಲ್ವಾ. ಅವತ್ತಿನಿಂದ ನನ್ನ ನಂಬರು, ಮೆಡಿಕಲ್ ಸ್ಟೋರಿನವರ ನಂಬರು ಎರಡನ್ನೂ ಬರೆದುಕೊಟ್ಟೇ ಬರುತ್ತೇವೆ. ಹುಡುಗನಿಗೂ ಅದೇ ನಂಬರು.

ಒಪ್ಪಂದ ಪೋರ್ಟಲ್‌ನಲ್ಲೇ ಆಗುತ್ತದೆ. 18 ತುಂಬಿದ್ದರೆ ಹುಡುಗನ ಒಪ್ಪಿಗೆ ಸಾಕು, ಇಲ್ಲದಿದ್ದರೆ ಪೋಷಕರು ಬೇಕು. 14 ತುಂಬಿದವರೂ ಅಪ್ರೆಂಟಿಸ್ ಆಗಬಹುದು ಅಂತ ಕಾಯ್ದೆ ಹೇಳಿದರೂ ಅಪಾಯದ ಕೈಗಾರಿಕೆಗಳಿಗೆ 18 ಆಗಿರಲೇಬೇಕು. ನಾವಂತೂ 18ಕ್ಕೆ ಮುಂಚೆ ಯಾವ ಕಾರ್ಖಾನೆಗೂ ಕಳಿಸುವುದಿಲ್ಲ. ಓದುವುದಿದ್ದರೆ ಓದಲಿ.

ಈಗ ಮುಖ್ಯ ವಿಷಯ. ಸ್ಟೈಫಂಡ್ ಅನ್ನು ಮುಂದಿನ ತಿಂಗಳ 10ನೇ ತಾರೀಖಿನೊಳಗೆ ಕೊಡಬೇಕು ಅನ್ನುತ್ತದೆ ನಿಯಮ. ಅಂದರೆ ಒಂದನೇ ತಾರೀಖು ಸೇರಿದ ಹುಡುಗನಿಗೆ, ಎಲ್ಲರೂ ನಿಯಮ ಪಾಲಿಸಿದರೂ, ನಲವತ್ತು ದಿನ ಕೈಯಲ್ಲಿ ಕಾಸಿಲ್ಲ. ಸರ್ಕಾರದ ಪಾಲು ಅದಕ್ಕೂ ಆಮೇಲೆ. ಸಮಿತಿಯ ಆದೇಶ ಆಗಿ 4,000 ರೂಪಾಯಿ ಬರುವುದಕ್ಕೂ ಸಮಯ ಹಿಡಿಯುತ್ತದೆ. ಮನೆ ಇರುವ ಹುಡುಗನಿಗೆ ಈ ನಲವತ್ತು ದಿನ ಲೆಕ್ಕಕ್ಕೇ ಬರುವುದಿಲ್ಲ. ಅಮ್ಮ ಬಾಕ್ಸಿಗೆ ಹಾಕಿಕೊಡುತ್ತಾಳೆ, ಬಸ್ಸಿಗೆ ಅಪ್ಪನ ಜೇಬು ಇದೆ. ಇವನಿಗೆ ಮೊದಲ ದಿನವೇ ರೂಮಿನ ಬಾಡಿಗೆ, ಅಡ್ವಾನ್ಸ್, ಊಟ, ಬಸ್ ಚಾರ್ಜ್, ಸೇಫ್ಟಿ ಶೂ, ಒಂದು ಬಕೆಟ್, ಒಂದು ಚಾಪೆ, ಒಂದು ಬೀಗ ಬೇಕು.

ರೂಮು ಸಿಗುವುದು ಸೀಟು ಸಿಗುವುದಕ್ಕಿಂತ ಕಷ್ಟ. ಬಾಗಿಲಲ್ಲೇ "ಯಾವ ಪೈಕಿ?" ಅಂತ ಕೇಳುತ್ತಾರೆ. ಆಮೇಲೆ "ಅಪ್ಪ ಅಮ್ಮ ಎಲ್ಲಿದಾರೆ?" ಹುಡುಗ ತಲೆ ತಗ್ಗಿಸುತ್ತಾನೆ. ಆ ಹೊತ್ತಿಗೆ ನಮ್ಮ ಮೇಡಂ ಮುಂದೆ ಬಂದು "ನಮ್ಮ ಹುಡುಗಾನೇ ಕಣಮ್ಮ, ನಾನು ಜವಾಬ್ದಾರಿ" ಅನ್ನುತ್ತಾರೆ. ಕರಾರಿನಲ್ಲಿ ಅವರದೇ ಸಹಿ. ಅಡ್ವಾನ್ಸ್ ದುಡ್ಡನ್ನು ನಾವು ನಾಲ್ವರು ಹಾಕಿ ಇಟ್ಟ ಗಂಟಿನಿಂದ ಕೊಡುತ್ತೇವೆ. ಹುಡುಗ ರೂಮು ಬಿಡುವಾಗ ಅದು ವಾಪಸ್ ಬಂದು ಇನ್ನೊಬ್ಬನಿಗೆ ಹೋಗುತ್ತದೆ. ಬಾಡಿಗೆಯನ್ನು ಮೊದಲ ತಿಂಗಳು ಮಾತ್ರ ಕೈಗಡವಾಗಿ ಕೊಡುತ್ತೇವೆ. ಸುಮ್ನೆ ಕೊಡುವುದಿಲ್ಲ. ಬರೆದಿಟ್ಟು ಆಮೇಲೆ ತಿಂಗಳಿಗೆ ಇಷ್ಟು ಅಂತ ತೀರಿಸುತ್ತಾರೆ. ತೀರಿಸಿದ ದಿನ ಅವರ ಮುಖ ನೋಡಬೇಕು.

ಊಟಕ್ಕೆ ಒಂದು ಮೆಸ್ ಗೊತ್ತು ಮಾಡಿದ್ದೇವೆ. ಅಲ್ಲಿನ ಅಕ್ಕ ಮೊದಲ ದಿನವೇ ಹೇಳಿಬಿಟ್ಟರು, "ಉಣ್ಣಕ್ಕೆ ಕುಂತವ್ನ ದುಡ್ಡು ಕೇಳಾಕಿಲ್ಲ ಮೇಷ್ಟ್ರೇ. ಸಂಬ್ಳ ಬರ್ಲಿ, ಲೆಕ್ಕ ಬರ್ದಿರ್ತೀನಿ." ಮುದ್ದೆ, ಸೊಪ್ಪಿನ ಸಾರು, ಭಾನುವಾರ ಮೊಟ್ಟೆ. ತಿಂಗಳ ಕೊನೆಯಲ್ಲಿ ತೀರಾ ಬಿಗಿಯಾದರೆ ಇಂದಿರಾ ಕ್ಯಾಂಟೀನ್ ಇದೆ, 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ. ಬಸ್ಸಿನದು ಒಂದು ರಗಳೆ. ಎಕ್ಸ್‌ಪ್ರೆಸ್ ವೇ ಆದ ಮೇಲೆ ಮೈಸೂರಿನ ಕಡೆ ಜೋರಾಗಿ ಹೋಗುವ ಬಸ್ಸುಗಳನ್ನು ನಂಬಿದರೆ ಆಗುವುದಿಲ್ಲ, ತೂಬಿನಕೆರೆಗೆ ಸರ್ವಿಸ್ ರಸ್ತೆ ಬಸ್ಸೇ ಗತಿ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ, ಟಿಕೆಟ್‌ಗೆ ದುಡ್ಡು ಕೊಡಬೇಕಿಲ್ಲ. ಬರೀ ಈ ಕಾರಣಕ್ಕೆ ಒಬ್ಬ ಹುಡುಗಿಯನ್ನು ಧೈರ್ಯವಾಗಿ ಮೈಸೂರಿನ ಹೆಬ್ಬಾಳದ ಪ್ಯಾನಲ್ ವೈರಿಂಗ್ ಘಟಕಕ್ಕೆ ಸೇರಿಸಿದೆವು. ಅಲ್ಲಿ ಹಾಸ್ಟೆಲ್ ಸಿಕ್ಕಿತು, ವಾರಕ್ಕೊಮ್ಮೆ ಮಂಡ್ಯಕ್ಕೆ ಬಂದು ಮೇಡಂ ಮನೆಯಲ್ಲಿ ಉಳಿದು ಹೋಗುತ್ತಿದ್ದಳು. ಬಸ್ ಚಾರ್ಜ್ ಇದ್ದಿದ್ದರೆ ಬರುತ್ತಿರಲಿಲ್ಲ. ಬಾರದಿದ್ದರೆ ಅಲ್ಲಿ ಉಳಿಯುತ್ತಲೂ ಇರಲಿಲ್ಲ ಅಂತ ನನಗೆ ಅನಿಸುತ್ತದೆ.

ಒಳಗೆ, ಶಾಪ್ ಫ್ಲೋರಿನಲ್ಲಿ ಆಗುವುದು ಇನ್ನೊಂದು ಥರ. ಆ ಉದ್ದನೆಯ ಹುಡುಗ ಸೇರಿದ ವಾರದಲ್ಲೇ ಸೂಪರ್‌ವೈಸರ್ ಫೋನ್ ಮಾಡಿದರು. "ಸಾರ್, ಕೆಲಸ ಅಚ್ಚುಕಟ್ಟು. ಆದ್ರೆ ಹೇಳಿದ್ದಷ್ಟೇ ಮಾಡ್ತಾನೆ. ಮುಗಿದ ಮೇಲೆ ಕಂಬದ ಥರ ನಿಂತಿರ್ತಾನೆ. ಸೋಮಾರಿನಾ?"

ನಾನು ಹೋಗಿ ಸ್ವಲ್ಪ ಹೊತ್ತು ದೂರದಿಂದ ನೋಡಿದೆ. ನಿಜ, ನಿಂತಿದ್ದ. ಕೈ ಎರಡೂ ಹಿಂದೆ. ಬಾತ್‌ರೂಮಿಗೆ ಹೋಗಬೇಕಾದರೂ ಯಾರಾದರೂ ಈ ಕಡೆ ತಿರುಗಲಿ ಅಂತ ಕಾಯುತ್ತಿದ್ದ. ನನಗೆ ಹೊಟ್ಟೆ ಕಿವುಚಿದ ಹಾಗಾಯಿತು. ಏಳನೇ ವಯಸ್ಸಿನಿಂದ ಗಂಟೆ ಹೊಡೆದಾಗ ಏಳುವುದು, ಗಂಟೆ ಹೊಡೆದಾಗ ಊಟ, ಗಂಟೆ ಹೊಡೆದಾಗ ಮಲಗುವುದು. ಗೇಟು ದಾಟಲು ಅನುಮತಿ. ಅಷ್ಟು ಮಕ್ಕಳನ್ನು ಒಟ್ಟಿಗೆ ಸಾಕುವ ಕಡೆ ಹಾಗಿರದೆ ವಿಧಿಯಿಲ್ಲ, ಅಲ್ಲಿಯವರನ್ನು ದೂರುತ್ತಿಲ್ಲ. ಆದರೆ "ಮುಂದೇನು ಮಾಡಲಿ" ಅಂತ ತಾನೇ ಯೋಚಿಸುವ ಅಭ್ಯಾಸ ಆ ಹುಡುಗನಿಗೆ ಎಲ್ಲಿಂದ ಬರಬೇಕು? ಸೂಪರ್‌ವೈಸರ್‌ಗೆ ಇದನ್ನು ಅವನ ಬದುಕಿನ ವಿವರ ಏನೂ ಹೇಳದೆ ತಿಳಿಸಿದೆ. "ಕೆಲಸ ಹೇಳೋದು ಸ್ವಲ್ಪ ಕಮ್ಮಿ ಮಾಡಿ, ಕೇಳೋದು ಜಾಸ್ತಿ ಮಾಡಿ. ಈಗ ಮುಂದೇನು ಅಂತ ಅವನನ್ನೇ ಕೇಳಿ." ಅವರು ಒಳ್ಳೆಯ ಮನುಷ್ಯ. ದಿನಾ ಬೆಳಿಗ್ಗೆ ಡ್ರಾಯಿಂಗ್ ಕೈಗೆ ಕೊಟ್ಟು "ಎಲ್ಲಿಂದ ಶುರು ಮಾಡೋಣಪ್ಪ?" ಅಂತ ಕೇಳಲು ಶುರು ಮಾಡಿದರು. ಮೊದಮೊದಲು ಅವನು ಬೆವರುತ್ತಿದ್ದನಂತೆ. ಆಮೇಲೆ ಡ್ರಾಯಿಂಗ್ ಮೇಲೆ ಬೆರಳಿಟ್ಟು ತೋರಿಸತೊಡಗಿದ.

ಎಲ್ಲರೂ ಹೀಗಿರುವುದಿಲ್ಲ. ಒಂದು ಕಾರ್ಖಾನೆಯಲ್ಲಿ ನಮ್ಮ ಇಬ್ಬರು ಹುಡುಗರನ್ನು ಮೆಷಿನ್ ಹತ್ತಿರಕ್ಕೇ ಬಿಡಲಿಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ಲಾರಿಗೆ ಪೆಟ್ಟಿಗೆ ತುಂಬಿಸುವುದು, ಪೆಟ್ಟಿಗೆಗೆ ಇಷ್ಟು ಅಂತ ಲೆಕ್ಕ. ರಾತ್ರಿ ಪಾಳಿಗೂ ಕರೆಯುತ್ತಿದ್ದರು. ಅಪ್ರೆಂಟಿಸ್‌ಗೆ ಪೀಸ್ ಲೆಕ್ಕದಲ್ಲಿ ದುಡ್ಡು ಕೊಡುವಂತಿಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸರ್ಕಾರದ ಅಪ್ರೆಂಟಿಸ್‌ಶಿಪ್ ಸಲಹೆಗಾರ ಅಧಿಕಾರಿಯ ಒಪ್ಪಿಗೆ ಇಲ್ಲದೆ ಟ್ರೇಡ್ ಅಪ್ರೆಂಟಿಸ್‌ಗೆ ಕೆಲಸ ಕೊಡುವಂತಿಲ್ಲ. ಎರಡನ್ನೂ ಬರೆದುಕೊಂಡು ಹೋಗಿ ಮಾತಾಡಿದೆ. "ಹೊರಗಡೆ ಇಷ್ಟೂ ಸಿಗಲ್ಲ ಇವರಿಗೆ" ಅಂದರು. ಆ ಮಾತು ನನ್ನಿಂದ ತಡೆದುಕೊಳ್ಳಲು ಆಗಲಿಲ್ಲ. ಯಾರೂ ಇಲ್ಲದವನಿಗೆ ಏನು ಕೊಟ್ಟರೂ ನಡೆಯುತ್ತದೆ ಅನ್ನುವ ಲೆಕ್ಕ ಅದು. ಇಬ್ಬರನ್ನೂ ಬಿಡಿಸಿಕೊಂಡು ಬಂದು, ಅವರನ್ನು ಎದುರಿಗೆ ಕೂರಿಸಿಕೊಂಡು ಮಾಲೀಕರು ಏನು ಮಾಡುವಂತಿಲ್ಲ ಅನ್ನುವುದನ್ನು ಒಂದೊಂದಾಗಿ ಓದಿಸಿದೆ. ಈಗ ಸೇರುವ ಮೊದಲೇ ಎಲ್ಲರಿಗೂ ಓದಿಸುತ್ತೇವೆ.

ಹಬ್ಬದ ರಜೆ ಬಗ್ಗೆ ಯಾರೂ ಎಚ್ಚರಿಸುವುದಿಲ್ಲ, ಅದಕ್ಕೇ ಬರೆಯುತ್ತೇನೆ. ಆಯುಧಪೂಜೆ ದಿನ ವರ್ಕ್‌ಶಾಪಿನಲ್ಲಿ ಸಡಗರ. ಲೇತ್ ಒರೆಸಿ, ಕುಂಕುಮ ಇಟ್ಟು, ಬಾಳೆಕಂಬ ಕಟ್ಟಿ, ಬೂದುಗುಂಬಳ ಒಡೆದು, ಎಲ್ಲರಿಗೂ ಸ್ವೀಟ್ ಬಾಕ್ಸ್. ನಮ್ಮ ಹುಡುಗರು ಅವತ್ತು ಎಲ್ಲರಿಗಿಂತ ಜಾಸ್ತಿ ಓಡಾಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಊರಿನ ಬಸ್ಸು ಹತ್ತುತ್ತಾರೆ. ಇವನ ಕೈಯಲ್ಲಿ ಸ್ವೀಟ್ ಬಾಕ್ಸ್ ಇದೆ, ತೆಗೆದುಕೊಂಡು ಹೋಗಲು ಮನೆ ಇಲ್ಲ. ಇಬ್ಬರು ಮಕ್ಕಳು ನಮ್ಮ ಕೈತಪ್ಪಿದ್ದು ಇಂಥ ರಜೆಯಲ್ಲೇ. ಕೆಲಸದಲ್ಲಿ ಯಾವ ತೊಂದರೆಯೂ ಇರಲಿಲ್ಲ. ರಜೆ ಮುಗಿದ ಮೇಲೆ ಬರಲಿಲ್ಲ, ಫೋನ್ ಸ್ವಿಚ್ ಆಫ್. ಒಬ್ಬ ಬೆಂಗಳೂರಿನಲ್ಲಿ ಡೆಲಿವರಿ ಕೆಲಸದಲ್ಲಿದ್ದಾನೆ ಅಂತ ಆಮೇಲೆ ತಿಳಿಯಿತು. ಇನ್ನೊಬ್ಬನ ಸುದ್ದಿ ಇಲ್ಲ. ಅವನನ್ನು ನೆನೆದರೆ ಈಗಲೂ ಸಂಕಟ ಆಗುತ್ತದೆ. ಅಲ್ಲಿಂದೀಚೆಗೆ ದಸರಾ, ಯುಗಾದಿ, ಗೌರಿ ಹಬ್ಬ ಅಂದರೆ ಯಾವ ಹುಡುಗ ಯಾರ ಮನೆಗೆ ಅಂತ ವಾರ ಮುಂಚೆಯೇ ಹಂಚಿಕೊಳ್ಳುತ್ತೇವೆ. ಮೆಸ್ಸಿನ ಅಕ್ಕನೂ ಒಬ್ಬನನ್ನು ಕರೆಯುತ್ತಾರೆ.

ಉದ್ದನೆಯ ಹುಡುಗ ಎರಡನೇ ವರ್ಷಕ್ಕೆ ಕಾಲಿಟ್ಟಿದ್ದಾನೆ. ಎರಡನೇ ವರ್ಷ ಸ್ಟೈಫಂಡ್ ಶೇ 10ರಷ್ಟು ಏರಬೇಕು ಅಂತ ನಿಯಮ ಇದೆ. ಏರಿತಾ ಅಂತ ಅವನೇ ಪಾಸ್‌ಬುಕ್ ನೋಡಿ, ಏರಿಲ್ಲ ಅಂತ ಗೊತ್ತಾಗಿ, ಅವನೇ ಆಫೀಸಿಗೆ ಹೋಗಿ ಕೇಳಿದ. ನನಗೆ ಹೇಳಿದ್ದು ಸರಿಯಾದ ಮೇಲೆ. ಹೆಬ್ಬಾಳದ ಹುಡುಗಿ ಅದೇ ಘಟಕದಲ್ಲಿ ಕೆಲಸಕ್ಕೆ ಉಳಿದಳು. ಅಪ್ರೆಂಟಿಸ್ ಮುಗಿದ ಮೇಲೆ ಕೆಲಸ ಕೊಡಲೇಬೇಕು ಅಂತೇನೂ ಕಾನೂನಿನಲ್ಲಿ ಇಲ್ಲ. ಅವಳ ಕೈಕೆಲಸ ನೋಡಿ ಕೊಟ್ಟರು.

ಬರುವ ತಿಂಗಳುಗಳಲ್ಲಿ ಇನ್ನೂ ಕೆಲವರಿಗೆ 18 ತುಂಬುತ್ತದೆ. ಸೀಟುಗಳ ಮಾತುಕತೆ ನಡೆದಿದೆ, ಕಾಗದಗಳು ಬಹುತೇಕ ಸಿದ್ಧ ಇವೆ. ನಮಗೆ ಬೇಕಾಗಿರುವುದು ರೂಮುಗಳು. ಮಂಡ್ಯದಲ್ಲಾಗಲಿ, ಶ್ರೀರಂಗಪಟ್ಟಣದಲ್ಲಾಗಲಿ ನಿಮ್ಮ ಮನೆ ಮೇಲೆ ಒಂದು ರೂಮು ಖಾಲಿ ಇದ್ದರೆ, ಮೊದಲ ತಿಂಗಳ ಬಾಡಿಗೆಗೆ ಕಾಯುವ ಮನಸ್ಸಿದ್ದರೆ, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ಒಂದು ಮಾತು ಹೇಳಿ. ಮೈಸೂರಿನವರಾದರೆ ಅಲ್ಲಿಯ ಘಟಕಕ್ಕೆ ಹೇಳಿ. ವರ್ಕ್‌ಶಾಪ್ ಇಟ್ಟಿರುವವರು ಒಬ್ಬ ಅಪ್ರೆಂಟಿಸ್‌ನ ಜಾಗ ಇದೆ ಅನ್ನುವುದಾದರೂ ಅಲ್ಲೇ ತಿಳಿಸಬಹುದು. ಹಾಗೆ ತೆಗೆದುಕೊಳ್ಳುವವರಿಗೆ ನನ್ನದೊಂದು ಕೇಳಿಕೆ: ಮೊದಲ ತಿಂಗಳು ಸ್ಟೈಫಂಡ್‌ನಲ್ಲೇ ಮುರಿದುಕೊಳ್ಳುವ ಹಾಗೆ ವಾರಕ್ಕೆ ಸ್ವಲ್ಪ ಸ್ವಲ್ಪ ಮುಂಗಡ ಕೊಡಿ. ತೂಬಿನಕೆರೆಯಲ್ಲಿ ಒಬ್ಬ ಮಾಲೀಕರು ಹೀಗೆ ಶನಿವಾರ ಶನಿವಾರ ಕೊಡುತ್ತಾರೆ. ಅವರ ಹತ್ತಿರ ಸೇರಿದ ನಮ್ಮ ಹುಡುಗರಲ್ಲಿ ಇಲ್ಲಿಯವರೆಗೆ ಒಬ್ಬನೂ ಬಿಟ್ಟು ಹೋಗಿಲ್ಲ.